ದಿಂಬಿನ ಹುಡುಗಿಯ ಮಾವ

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಬಾಬಿನ್‌ಗೆ,

ಹೊಲಿಗೆಯ ದಾರದ ಉರುಳೆಯ ಹೆಸರಿಟ್ಟು ನಿನ್ನನ್ನು ಕರೆಯುವ ಸೋದರಮಾವನ ಆಶೀರ್ವಾದ. ಇಲ್ಲಿ ನಾನು ಚೆನ್ನಾಗಿದ್ದೇನೆ, ನಿನ್ನ ಅತ್ತೆ ನನಗಿಂತ ಚೆನ್ನಾಗಿದ್ದಾಳೆ, ಹೊಲಿಗೆ ಮಿಷನ್ ನಮ್ಮಿಬ್ಬರಿಗಿಂತ ಚೆನ್ನಾಗಿದೆ.

ಫೋನಿನಲ್ಲಿ ಹೇಳಬಹುದಾದದ್ದಕ್ಕೆ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಹಿಂದಿನಿಂದ ನಿಮ್ಮಮ್ಮ ಬಾಯಿ ಹಾಕುತ್ತಾಳೆ, ನನ್ನ ಮಾತು ಹೊಸ್ತಿಲಲ್ಲೇ ನಿಲ್ಲುತ್ತದೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನಾದರೂ ನನ್ನ ಸಾಲು ನೋಡು, ಗೆರೆಯಿಲ್ಲದ ಹಾಳೆಯ ಮೇಲೂ ಹೊಲಿಗೆ ಹಾಕಿದ ಹಾಗೆ ನೆಟ್ಟಗೆ ಹೋಗುತ್ತಿದೆ. ನಮ್ಮ ಮೇಷ್ಟ್ರು ಅಂದೇ ಹೇಳಿದ್ದರು, "ಇವನ ತಲೇಲಿ ಏನಿದೆಯೋ ಗೊತ್ತಿಲ್ಲ, ಕೈಯಲ್ಲಂತೂ ಏನೋ ಇದೆ" ಅಂತ. ಅದನ್ನು ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಬುಧವಾರ ನೀನು ಫೋನಿನಲ್ಲಿ ಕಣ್ಣೀರು ಹಾಕಿಕೊಂಡು ಒಂದು ಪ್ರಶ್ನೆ ಕೇಳಿದೆ. ಅದರ ಉತ್ತರ ನನ್ನ ಹತ್ತಿರ ಇದೆ. ನೀನು ಆನ್‌ಲೈನಿನಲ್ಲಿ ಮಾರುವ ದಿಂಬಿನ ಗವಸುಗಳು ಯಾಕೆ ಒಂದರ ಹಿಂದೊಂದು ವಾಪಸ್ ಬರುತ್ತಿವೆ, ಎರಡೆರಡು ಸಲ ಅಳೆದು ಕತ್ತರಿಸಿದರೂ ಯಾಕೆ ಚಿಕ್ಕದಾಗುತ್ತಿವೆ, ಅದು ನನಗೆ ಗೊತ್ತು. ಈ ತಿಂಗಳ ಕೊನೆಯೊಳಗೆ ದೂರು ನಿಲ್ಲದಿದ್ದರೆ ಆ ಮಾರಾಟದ ಕಂಪನಿಯವರು ನಿನ್ನ ಅಂಗಡಿಯನ್ನು ಪಟ್ಟಿಯಿಂದ ತೆಗೆಯುತ್ತಾರೆ, ನಿಮ್ಮಮ್ಮ ನಿನ್ನನ್ನು ಮತ್ತೆ ಔಷಧಿ ಅಂಗಡಿಯ ಬಿಲ್ಲು ಹೊಡೆಯುವ ಕುರ್ಚಿಗೆ ಕಳಿಸುತ್ತಾಳೆ, ಅದೂ ಗೊತ್ತು. ಉತ್ತರ ಈ ಕಾಗದದಲ್ಲೇ ಬರುತ್ತದೆ. ಆದರೆ ಮೊದಲು ನನ್ನ ಹೊಟ್ಟೆಯಲ್ಲಿರುವುದನ್ನು ನೀನು ಕೇಳಿಸಿಕೊಳ್ಳಬೇಕು. ಹಾಳೆ ಮಗುಚಿ ಕೊನೆಗೆ ಹಾರಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ, ಹಾರಿದ್ದರೆ ಈಗಲೇ ತಿರುಗಿ ಬಾ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ಮಗಳೇ. ಬೇರೆ ಯಾರಾದರೂ ಕೇಳಿದರೆ ಅಸಿಡಿಟಿ ಅನ್ನುತ್ತೇನೆ.

ಈ ಊರಲ್ಲಿ ನಾನು ಹೊಲಿದ ಗವಸಿಲ್ಲದ ಸೋಫಾ ಇಲ್ಲ. ಯಾರ ಮನೆಯ ಯಾವ ಕಿಟಕಿಗೆ ಎಷ್ಟು ಇಂಚಿನ ಪರದೆ, ಯಾವ ಕಚೇರಿಯ ಕುರ್ಚಿಗೆ ಎಷ್ಟು ಅಗಲದ ಕವರ್, ಎಲ್ಲ ನನ್ನ ತಲೆಯಲ್ಲಿದೆ. ಒಂದು ಸಲ ಅಳೆದರೆ ಮುಗಿಯಿತು, ಇನ್ನೊಂದು ಸಲ ಆ ಮನೆಗೆ ಟೇಪು ಹಿಡಿದು ಹೋದವನಲ್ಲ. "ಹಳೇ ಅಳತೇಲೇ ಹೊಲೀರಿ" ಅಂತ ಜನ ದಾರಿಯಲ್ಲಿ ಹೇಳಿ ಹೋಗುತ್ತಾರೆ, ನಾನು ಹೊಲಿದಿಡುತ್ತೇನೆ. ಇಂಥ ತಲೆ ಇರುವವನನ್ನು ಈಚೆಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಟೋಕನ್ ಕೊಡುವ ಹುಡುಗಿ ಏನೆಂದು ಕೇಳಿದಳು ಗೊತ್ತೇ? "ನೀವು ಆ ದಿಂಬಿನ ಹುಡುಗಿಯ ಮಾವ ಅಲ್ವಾ?" ಅಂತ.

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರನ್ನಾದರೂ ಕೇಳುತ್ತಿದ್ದಾಳೇನೋ ಅಂತ. ಹಿಂದೆ ಗೋಡೆ ಇತ್ತು.

ಇಷ್ಟು ವರ್ಷ ನೀನು ನನ್ನ ಸೋದರಸೊಸೆಯಾಗಿದ್ದೆ. ಯಾವಾಗ ನಾನು ನಿನ್ನ ಮಾವನಾದೆ, ನನಗೆ ಯಾರೂ ಹೇಳಲೇ ಇಲ್ಲ.

ಅಷ್ಟಕ್ಕೆ ಬಿಟ್ಟಳೇ ಅವಳು? ಕಾಯುವ ಬೆಂಚಿನ ಮೇಲಿದ್ದ ನಿನ್ನ ದಿಂಬುಗಳನ್ನು ತೋರಿಸಿ, "ನೋಡಿ ಎಷ್ಟು ಬಿಗಿಯಾಗಿ ಕೂತಿದೆ. ನೀವು ಹೊಲಿದ ಕುರ್ಚಿ ಕವರ್ ಈಗೀಗ ಜೋಲು ಬೀಳತ್ತೆ, ಪೇಷಂಟುಗಳು ಜಾರ್ತಾರೆ" ಅಂದಳು. ನಾನು ಸುಮ್ಮನಿರುವವನಲ್ಲವಲ್ಲ. "ಕುರ್ಚಿ ಸವೆದಿದೆ ಕಣಮ್ಮ, ನಿಮ್ಮ ಡಾಕ್ಟ್ರು ಹಲ್ಲು ಕಿತ್ತೂ ಕಿತ್ತೂ ಜನ ಕೂತಲ್ಲೇ ಒದ್ದಾಡಿ ಕುರ್ಚಿ ಸವೆಸಿದ್ದಾರೆ" ಅಂದೆ. ಸರತಿಯಲ್ಲಿದ್ದ ಒಬ್ಬರು ಎದ್ದು ಹೋದರು. ಕವರ್ ಕೆಲಸವೂ ಹೋಯಿತು. ಹೋದ ವರ್ಷದಿಂದ ಹೀಗೇ ಆಗುತ್ತಿದೆ. ಗ್ರಂಥಾಲಯದ ಪರದೆ ನೆಲ ಗುಡಿಸುತ್ತದಂತೆ. ಹೋಟೆಲಿನವನ ಸೋಫಾ ಕವರ್ ಅಪ್ಪನ ಅಂಗಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತದಂತೆ. ಎಲ್ಲ ನೆಪ. ನಿನ್ನ ದಿಂಬುಗಳ ಫೋಟೋ ನೋಡಿ ಕಣ್ಣು ಅತ್ತ ಹೋಗಿದೆ, ಬಾಯಲ್ಲಿ ಇದನ್ನು ಹೇಳುತ್ತಾರೆ. ನೀನು ಅಂಗಡಿ ತೆರೆದದ್ದೂ ನನ್ನ ಗಿರಾಕಿಗಳು ಕಳಚಿಕೊಂಡದ್ದೂ ಒಟ್ಟಿಗೇ, ಇದು ಕಣ್ಣಿಗೆ ಕಾಣುವ ಲೆಕ್ಕ.

ಇನ್ನು ನಿನ್ನ ಫೋಟೋಗಳ ವಿಷಯ. ಕಿಟಕಿಯ ಕಟ್ಟೆ, ಅದರ ಮೇಲೆ ದಿಂಬು, ದಿಂಬಿನ ಮೇಲೆ ನಿಮ್ಮ ಮನೆಯ ಕಳ್ಳ ಬೆಕ್ಕು. ಜನ ಬೆಕ್ಕಿಗೆ ಕೆಂಪು ಹೃದಯ ಒತ್ತುತ್ತಾರೆ, ಲೆಕ್ಕಕ್ಕೆ ದಿಂಬಿಗೆ ಬರುತ್ತದೆ. ನಾನೂ ಒಂದು ಕೈ ನೋಡೋಣ ಎಂದು ಪಕ್ಕದ ಕ್ಷೌರದಂಗಡಿಯವನ ಕೈಯಲ್ಲಿ (ನೊರೆರಾಯ ಅಂತ ನಾನು ಕರೆಯುತ್ತೇನಲ್ಲ, ಅವನೇ) ನನ್ನದೊಂದು ಖಾತೆ ತೆರೆಸಿದೆ. ನಾನು ಹೊಲಿದ ಹಾಸಿಗೆ ಕವರಿನ ಫೋಟೋ ಹಾಕಿಸಿದೆ. ಮೂರು ಹೃದಯ ಬಂತು. ಒಂದು ನೊರೆರಾಯನದು, ಒಂದು ನಾನೇ ಒತ್ತಿದ್ದು, ಒಂದು ನಿನ್ನದು. ನಿನ್ನದು ಬಂದದ್ದೇ ಹೆಚ್ಚು ಉರಿಯಿತು.

ಆಮೇಲೆ ನಿನ್ನ ಪುಟದಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀಯ ಎಂದು ಹುಡುಕಿಸಿದೆ. ನೊರೆರಾಯ ಕನ್ನಡಕ ಏರಿಸಿ ಓದಿದ: "ಮನೆಯ ಹಿರಿಯರೊಬ್ಬರಿಂದ ಹವ್ಯಾಸವಾಗಿ ಕಲಿತೆ." ಮತ್ತೆ ಓದು ಅಂದೆ. ಮತ್ತೆಯೂ ಅಷ್ಟೇ ಇತ್ತು. "ಯಾರಪ್ಪ ಈ ಹಿರಿಯರು, ನಿಮಗೇನಾದ್ರೂ ಗೊತ್ತಾ?" ಅಂತ ಕೇಳಿ ನಕ್ಕ. ಆವತ್ತು ಅವನ ಹತ್ತಿರ ಗಡ್ಡ ಮಾಡಿಸಿಕೊಳ್ಳದೆ ಬಂದೆ. ಹಿರಿಯರೊಬ್ಬರು ಎಂದರೆ ಗೋಡೆಗೆ ತಗುಲಿಹಾಕಿದ ಫೋಟೋದ ಹಾಗೆ ಕೇಳಿಸುತ್ತದೆ. ಮಿಷನ್ನಿನ ಕಾಲ ಬಳಿ ಕೂತು ನನ್ನ ಪಂಚೆ ಎಳೆಯುತ್ತಿದ್ದವಳು ನೀನು, ದಾರ ಪೋಣಿಸುವುದು, ಮೂಲೆ ತಿರುಗಿಸುವುದು, ಜಿಪ್ಪನ್ನು ಕಾಣದ ಹಾಗೆ ಕೂರಿಸುವುದು, ಒಂದೊಂದಕ್ಕೂ ಬೆರಳ ಗೆಣ್ಣಿಗೆ ಏಟು ತಿಂದು ಕಲಿತವಳು. ಹವ್ಯಾಸವಂತೆ.

ಹೀಗೆ ಉರಿಯುತ್ತಿದ್ದವನು ಸುಮ್ಮನೆ ಕೂರುತ್ತೇನೆಯೇ? ನೊರೆರಾಯನ ಹೆಸರಿನಲ್ಲಿ ನಿನಗೆ ಆರ್ಡರು ಕೊಡಿಸಿದೆ. ಹದಿನಾರು ಇಂಚಿನ ಚೌಕದ ಗವಸು ಒಂದು. ಅವನು ತನ್ನ ಹೆಸರು ಪುಕ್ಕಟೆ ಕೊಡಲಿಲ್ಲ, ತನ್ನ ಅಂಗಡಿಯ ಉದ್ದ ಬೆಂಚಿಗೂ ಒಂದು ಕವರ್ ತರಿಸಿಕೊಂಡ. ಬಣ್ಣದ ರಿಬ್ಬನ್ನು ಕಟ್ಟಿ, "ಪ್ರೀತಿಯಿಂದ ಹೊಲಿದದ್ದು" ಎಂದು ಚೀಟಿ ಇಟ್ಟು ಕಳಿಸಿದ್ದೀಯಲ್ಲ, ನೋಡಿ ನಿನ್ನ ಅತ್ತೆ, "ಇವರು ಯಾವತ್ತಾದ್ರೂ ಹಳೇ ಪೇಪರ್ ಬಿಟ್ಟು ಬೇರೇದ್ರಲ್ಲಿ ಸುತ್ತಿ ಕೊಟ್ಟಿದ್ದಾರಾ" ಅಂದಳು. ನಾನು ಪೇಪರಿನಲ್ಲಿ ಸುತ್ತುವುದು ಗಿರಾಕಿಗೆ ಓದಲೂ ಆಗಲಿ ಅಂತ.

ಗವಸನ್ನು ಒಳಹೊರಗು ಮಾಡಿ ಬಾಗಿಲ ಬೆಳಕಿಗೆ ಹಿಡಿದೆ. ತಪ್ಪು ಹುಡುಕಲೇಬೇಕು ಎಂದು ಕೂತವನಿಗೆ ಒಂದು ಸಿಗಬೇಡವೇ? ಹೊಲಿಗೆ ನೇರ. ಮೂಲೆ ಚೂಪು. ಜಿಪ್ಪು ಎಲ್ಲಿದೆ ಎಂದು ನಾನೇ ಬೆರಳಾಡಿಸಿ ಹುಡುಕಬೇಕಾಯಿತು. ಗವಸಿನ ಮುಂಭಾಗದಲ್ಲಿ ನೀನು ಹೊಲಿದ ಹಕ್ಕಿಯ ರೆಕ್ಕೆಗೆ ಬಳಸಿದ ನೀಲಿ ತುಂಡು ನನ್ನ ಅಂಗಡಿಯದೇ, ಕೇಳದೆ ಒಯ್ದದ್ದು ಯಾವಾಗಲೋ. ಬೇಜಾರಾಗಿ ಅದನ್ನು ದಿಂಬಿಗೆ ಹಾಕಲು ಹೋದೆ. ಹೋಗಲಿಲ್ಲ. ಹದಿನಾರರ ದಿಂಬು ಹದಿನಾರರ ಗವಸಿಗೆ ಹೋಗಲಿಲ್ಲ. ಒಳ್ಳೆಯ ಸುದ್ದಿ ಬಂದವನ ಹಾಗೆ ಮನೆಯೊಳಗೆ ಓಡಿ ನಿನ್ನ ಅತ್ತೆಯನ್ನು ಕರೆದೆ. "ನೋಡೇ, ಚಿಕ್ಕದು. ಚಿಕ್ಕದು ಕಣೇ" ಅಂದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು, "ಯಾರಿಗೆ ಏನಾಯ್ತೋ ಅಂತ ಓಡಿ ಬಂದೆ, ಥೂ ನಿಮ್ಮ" ಎಂದು ಒಳಗೆ ಹೋದಳು.

ಟೇಪು ಹಿಡಿದೆ. ಉದ್ದ ಹದಿನೈದು, ಅಗಲ ಹದಿನೈದು. ಸರಿ, ನೊರೆರಾಯನ ಬೆಂಚಿನ ಕವರ್ ಎಷ್ಟಿದೆ ನೋಡೋಣ, ಅದು ಇನ್ನೂ ಮೋಜಿರುತ್ತದೆ ಎಂದು ಅಲ್ಲಿಗೂ ಹೋದೆ. ಅವನು ಹೇಳಿದ್ದ ನಾಲ್ಕಡಿ ಉದ್ದಕ್ಕೆ ಒಂದಿಂಚು ಕಡಿಮೆ. ಒಂದೇ ಇಂಚು.

ಅಲ್ಲಿ ನನ್ನ ಕುಣಿತ ನಿಂತಿತು. ಕೆಟ್ಟ ಕೈಯ ತಪ್ಪು ಹೀಗಿರುವುದಿಲ್ಲ ಬಾಬಿನ್. ಬಟ್ಟೆ ಎಳೆದು ಅಳೆಯುವವರಿಗೆ ಉದ್ದ ಹೆಚ್ಚಿದಷ್ಟೂ ತಪ್ಪು ಹೆಚ್ಚುತ್ತದೆ. ಸೋಮಾರಿಯ ತಪ್ಪು ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಎರಡು. ಚಿಕ್ಕದಕ್ಕೂ ಒಂದೇ, ದೊಡ್ಡದಕ್ಕೂ ಒಂದೇ, ಅಡ್ಡಕ್ಕೂ ಉದ್ದಕ್ಕೂ ಒಂದೇ ಇಂಚು ತಪ್ಪಬೇಕಾದರೆ ಅಲ್ಲಿ ಕೈ ಸರಿಯಿದೆ, ಟೇಪು ಸುಳ್ಳು ಹೇಳುತ್ತಿದೆ. ಆ ಟೇಪು ನಿನಗೆ ಕೊಟ್ಟವನು ನಾನು.

ನೀನು ಅಂಗಡಿ ತೆರೆದ ದಿನ ನೆನಪಿದೆಯೇ? ಎಲ್ಲರೆದುರು ನನ್ನ ಕೊರಳಿನಿಂದ ತೆಗೆದು ನಿನ್ನ ಕೊರಳಿಗೆ ಹಾಕಿ, "ಇಡೀ ಊರನ್ನ ಅಳೆದ ಟೇಪು ಕಣಮ್ಮ ಇದು, ಇನ್ಮೇಲೆ ನಿಂದು" ಅಂದೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗಾಗಿಯೇ ಕೊಟ್ಟೆ ಅನ್ನು, ಬೇಜಾರಿಲ್ಲ. ಮಾರನೆಯ ದಿನ ನಾನು ಹೊಸದೊಂದು ಕೊಂಡುಕೊಂಡೆ. ಆ ಹಳೆಯ ಟೇಪಿನ ತುದಿಗೆ ಕಪ್ಪು ಬಟ್ಟೆಯ ಅಂಚು ಕಟ್ಟಿದೆಯಲ್ಲ, ಅಂದಕ್ಕೆ ಇರಬೇಕು ಎಂದು ನೀನು ತಿಳಿದಿರುತ್ತೀಯ. ಆ ಅಂಚಿನ ಪಕ್ಕದ ಅಂಕಿ ನೋಡು. ಒಂದು ಇಲ್ಲ. ಎರಡರಿಂದ ಶುರು. ಅದಕ್ಕೆ ಮೊದಲ ಇಂಚೇ ಇಲ್ಲ.

ಆ ಇಂಚನ್ನು ಕತ್ತರಿಸಿದವಳು ನೀನು. ಕೇಳು, ಸರಿಯಾಗಿ ಕೇಳು. ಇನ್ನೂ ಶಾಲೆಗೆ ಸೇರಿರಲಿಲ್ಲ ನೀನು, ನನ್ನ ಮೇಜಿನಡಿ ಚಿಂದಿಯ ಗೊಂಬೆ ಮಾಡಿಕೊಂಡು ಕೂತಿದ್ದೆ. ಗೊಂಬೆಗೆ ಸೊಂಟದ ಪಟ್ಟಿ ಬೇಕಾಯಿತು. ಟೇಪಿನ ತುದಿ ಮೇಜಿನಿಂದ ಕೆಳಗೆ ತೂಗುತ್ತಿತ್ತು, ಹಿತ್ತಾಳೆಯ ತಗಡು ಹೊಳೆಯುತ್ತಿತ್ತು, ನನ್ನ ದಾರದ ಕತ್ತರಿ ನಿನ್ನ ಕೈಯಲ್ಲಿತ್ತು. ಕಚಕ್. ಒಂದರ ಗೆರೆಯ ಮೇಲೆ, ಒಂದು ಎಳೆ ಆಚೆ ಹೋಗದ ಹಾಗೆ, ನೇರವಾಗಿ. ಬೈಯಲು ಬಗ್ಗಿದವನು ಆ ಕತ್ತರಿಸಿದ ಅಂದ ನೋಡಿ ತುಂಡನ್ನು ಗುಂಡಿ ಡಬ್ಬಿಗೆ ಹಾಕಿಟ್ಟೆ. ತುದಿಗೆ ಬಟ್ಟೆ ಕಟ್ಟಿ ಅದನ್ನೇ ಬಳಸಿದೆ. ನನಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಕಿಟಕಿ ಅಳೆಯುವುದೂ ಅದೇ ಟೇಪಿನಲ್ಲಿ, ಪರದೆ ಕತ್ತರಿಸುವುದೂ ಅದೇ ಟೇಪಿನಲ್ಲಿ. ಅಲ್ಲಿ ಒಂದು ಹೆಚ್ಚು ಓದಿದರೆ ಇಲ್ಲೂ ಒಂದು ಹೆಚ್ಚು, ಬಟ್ಟೆ ಸರಿಯಾಗಿ ಕೂರುತ್ತದೆ. ವರ್ಷಗಳು ಹೋದವು, ಇಂಚು ಹೋದದ್ದು ನನಗೇ ಮರೆತುಹೋಯಿತು.

ನಿನಗೂ ದಿಂಬು ತುಂಬಿಯೇ ಮಾರಿದಷ್ಟು ದಿನ ಏನೂ ಆಗಲಿಲ್ಲ. ಹಳೆಯ ಹಾಸಿಗೆಯ ಅರಳೆ ತುಂಬಿ ನೀನೇ ಮಾಡಿದ ದಿಂಬು, ಅದನ್ನು ಈ ಟೇಪಿನಲ್ಲೇ ಅಳೆದು ಹೊಲಿದೆ, ಫೋಟೋದಲ್ಲಿ ಬೆಕ್ಕಿನ ಸಮೇತ ಚೆನ್ನಾಗಿ ಕೂತಿತು. ಆದರೆ ಈಗ ಬರೀ ಗವಸು ಮಾರುತ್ತೀಯ, ಎಲ್ಲೋ ದೂರದಲ್ಲಿ ಕೂತ ಗಿರಾಕಿ ತನ್ನ ದಿಂಬನ್ನು ತನ್ನ ಟೇಪಿನಲ್ಲಿ ಅಳೆದು ಹದಿನಾರು ಎಂದು ಒತ್ತುತ್ತಾನೆ. ನೀನು ಹದಿನಾರರ ಗೆರೆಗೆ ಸೀಮೆಸುಣ್ಣ ಎಳೆಯುತ್ತೀಯ, ಬಟ್ಟೆ ಹದಿನೈದೇ ಸಿಗುತ್ತದೆ. ಹತ್ತು ಸಲ ಅಳೆದರೂ ಅಷ್ಟೇ. ಈ ಕಾಗದದ ಜೊತೆ ಒಂದು ಹೊಸ ಟೇಪು ಇಟ್ಟಿದ್ದೇನೆ. ಅದರ ಪಕ್ಕದಲ್ಲೇ ಸಣ್ಣ ಪೊಟ್ಟಣದಲ್ಲಿ ಆ ಹಳೆಯ ತುಂಡು ಇದೆ, ನನ್ನ ಗುಂಡಿ ಡಬ್ಬಿಯ ತಳದಲ್ಲಿ ಸಿಕ್ಕಿತು. ಹಿತ್ತಾಳೆ ಕಪ್ಪಾಗಿದೆ. ಹಳೆಯ ಟೇಪಿನ ತುದಿಗೆ ಹಿಡಿದು ನೋಡು, ನಿನ್ನ ಕತ್ತರಿಯ ಗುರುತು ಕೂಡುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಮಂಗಳವಾರ. ನೀನು ಫೋನ್ ಮಾಡಿದ್ದು ಬುಧವಾರ. "ಯೋಚಿಸಿ ಹೇಳ್ತೀನಿ ಮಗಳೇ" ಅಂದೆ. ಯೋಚಿಸಲು ಏನೂ ಇರಲಿಲ್ಲ. ಫೋನಿಟ್ಟು ನೇರ ಬೋರ್ಡು ಬರೆಯುವವನ ಹತ್ತಿರ ಹೋದೆ, ನನ್ನ ಅಂಗಡಿಯ ಬೋರ್ಡಿನಲ್ಲಿ ಇನ್ನೊಂದು ಸಾಲಿಗೆ ಜಾಗ ಆಗುತ್ತದೆಯೇ ಎಂದು ಕೇಳಲು. ಕಿಟಕಿಯ ಬಳಿಯ ಎರಡನೇ ಮಿಷನ್ನಿಗೆ ಎಣ್ಣೆ ಬಿಟ್ಟೆ. ನಿನ್ನ ಆನ್‌ಲೈನು ಮುಚ್ಚಿದರೆ ನೀನು ಇಲ್ಲಿಗೆ ಬರುತ್ತೀಯ, ನಾನು ಹೇಳಿದ್ದನ್ನು ಹೊಲಿಯುತ್ತೀಯ, ಆ ಟೋಕನ್ನಿನ ಹುಡುಗಿ ನಿನ್ನನ್ನು "ನೀವು ಅವರ ಸೊಸೆ ಅಲ್ವಾ" ಅಂತ ಕೇಳುತ್ತಾಳೆ. ಎಷ್ಟು ಸೊಗಸಾಗಿತ್ತು ಗೊತ್ತೇ ಆ ಯೋಚನೆ.

ನಿನ್ನೆ ನಿನ್ನ ಅತ್ತೆ ಅದನ್ನು ಬಿಚ್ಚಿಹಾಕಿದಳು. ನಾನು ಮಿಷನ್ ಒರೆಸುವುದನ್ನೇ ನೋಡುತ್ತಾ ನಿಂತಿದ್ದವಳು, "ಹುಡುಗಿ ಫೋನಲ್ಲಿ ಏನಂದ್ಲು?" ಅಂತ ಕೇಳಿದಳು. "ಮಾವ, ನಂಗೆ ಹೊಲಿಯೋಕೇ ಬರಲ್ಲ ಅನ್ಸತ್ತೆ" ಅಂದಳು ಅಂದೆ. "ಹೊಲಿಯೋಕೇ ಬರಲ್ಲ ಅಂದ್ಕೊಂಡೋಳನ್ನ ಕರ್ಕೊಂಬಂದು ಕೂರಿಸಿ ಏನ್ರೀ ಹೊಲಿಸ್ತೀರಿ? ಆಮೇಲೆ ಯಾರಾದ್ರೂ ಇವಳಿಗೆ ಕಲಿಸಿದ್ದು ಯಾರು ಅಂದ್ರೆ ನಿಮ್ಮನ್ನೇ ತೋರಿಸ್ಬೇಕು, ನೋಡ್ಕೊಳಿ" ಎಂದು ಪಾತ್ರೆ ತೊಳೆಯಲು ಹೋದಳು.

ಆ ಮಾತು ನನ್ನನ್ನು ರಾತ್ರಿಯ ಊಟಕ್ಕೂ ಕೂರಲು ಬಿಡಲಿಲ್ಲ. ನಿನ್ನ ಅಂಗಡಿ ಮುಚ್ಚಲಿ ಎನ್ನುವಷ್ಟು ಹೊಟ್ಟೆಕಿಚ್ಚು ನನಗಿದೆ, ನಿಜ. ಆದರೆ ನಾನು ಕಲಿಸಿದವಳಿಗೆ ಹೊಲಿಯಲು ಬರುವುದಿಲ್ಲ ಎಂದು ಯಾರಾದರೂ ಅಂದರೆ, ನೀನೇ ಅಂದರೂ, ನಾನು ಕೇಳಿಸಿಕೊಂಡಿರುವವನಲ್ಲ. ನಿನಗೆ ಹೊಲಿಯಲು ಬರುತ್ತದೆ. ನನ್ನಷ್ಟು ಅಲ್ಲ, ಆದರೆ ಬರುತ್ತದೆ. ಆ ಜಿಪ್ಪು ನನ್ನಷ್ಟೇ. ಇದನ್ನು ಒಂದೇ ಸಲ ಬರೆಯುತ್ತಿದ್ದೇನೆ, ಹಾಳೆ ಜೋಪಾನ.

ವಾಪಸ್ ಬಂದ ಗವಸುಗಳನ್ನು ಬಿಚ್ಚಬೇಡ. ಒಂದಿಂಚು ಚಿಕ್ಕ ದಿಂಬು ತುಂಬಿ ಜೊತೆಗೇ ಮಾರು, ಬಿಗಿಯಾಗಿ ಕೂರುತ್ತದೆ, ಜನಕ್ಕೆ ಬಿಗಿ ಇಷ್ಟ ಎಂದು ಹಲ್ಲಿನ ಡಾಕ್ಟರ ಕಡೆಯಿಂದ ನನಗೆ ತಿಳಿದಿದೆ. ದೂರು ಕೊಟ್ಟವರಿಗೆ ಹೊಸ ಟೇಪಿನಲ್ಲಿ ಅಳೆದು ಹೊಸದು ಹೊಲಿದು ಕಳಿಸು. ಔಷಧಿ ಅಂಗಡಿಯ ಕುರ್ಚಿ ಖಾಲಿಯೇ ಇರಲಿ. ನಿಮ್ಮಮ್ಮ ಏನಾದರೂ ಅಂದರೆ ಅಣ್ಣ ಹೇಳಿದ್ದಾನೆ ಅನ್ನು. ಅವಳು ಚಿಕ್ಕವಳಿದ್ದಾಗಿನಿಂದ ನನ್ನ ಮಾತು ಕೇಳಿದವಳಲ್ಲ, ಆದರೂ ಹೇಳಿ ನೋಡು.

ಇಂತಿ,
ಇಡೀ ಊರನ್ನು ಅಳೆದ
ನಿನ್ನ ಮಾವ

ಮತ್ತೊಂದು ಮಾತು: ಇದನ್ನು ಮಡಿಸುವ ಮೊದಲು ನಿನ್ನ ಅತ್ತೆಗೆ ಓದಿ ಹೇಳಿದೆ, ಭೇಷ್ ಅನ್ನಲಿ ಎಂದು. ಅವಳು ಭೇಷ್ ಅನ್ನಲಿಲ್ಲ. "ಅಲ್ರೀ, ನಿಮ್ಮ ತಲೇಲಿರೋ ಅಳತೆ ಎಲ್ಲಾ ಯಾವ ಟೇಪಿಂದು?" ಅಂದಳು. ಹಳೆಯದರದು ಅಂದೆ. "ಈಗ ಕತ್ತರಿಸೋದು?" ಅಂದಳು. ಕೊರಳಿಗೆ ಕೈ ಹಾಕಿದೆ, ಹೊಸ ಟೇಪು ಸಿಕ್ಕಿತು, ಒಂದು ಹೆಚ್ಚು ಓದಿದ ಹಳೆಯ ಅಳತೆಗಳನ್ನೆಲ್ಲ ಇದರಲ್ಲೇ ಕತ್ತರಿಸುತ್ತಾ ಬಂದಿದ್ದೇನೆ. ಡಾಕ್ಟರ ಕುರ್ಚಿ ಸವೆದಿಲ್ಲ ಬಾಬಿನ್. ಗ್ರಂಥಾಲಯದ ಪರದೆ ನಿಜವಾಗಿಯೂ ನೆಲ ಗುಡಿಸುತ್ತಿದೆ, ಒಂದಿಂಚು. ನನ್ನ ಗಿರಾಕಿಗಳನ್ನು ನೀನು ಕಿತ್ತುಕೊಂಡಿರಲಿಲ್ಲ. ಆದ್ದರಿಂದ ಹೊಸ ಟೇಪು ನಿನ್ನ ಹತ್ತಿರ ಇರಲಿ, ಆ ಹಳೆಯದನ್ನು ಮೊದಲ ಪೋಸ್ಟಿಗೇ ನನಗೆ ವಾಪಸ್ ಕಳಿಸು, ನನ್ನ ತಲೆ ಅದಕ್ಕೆ ಮಾತ್ರ ಹೊಂದುತ್ತದೆ. ಅದು ಬರುವವರೆಗೆ ಕಾಯಲು ಆಗುವುದಿಲ್ಲ, ನಾಳೆಯೇ ಕ್ಲಿನಿಕ್ಕಿಗೆ ಹೋಗಿ ಕುರ್ಚಿಗಳನ್ನು ಹೊಸದಾಗಿ ಅಳೆಯಬೇಕು. ಆವತ್ತು ಅಷ್ಟೆಲ್ಲ ಆಡಿ ಬಂದಿದ್ದೇನೆ, ಆ ಟೋಕನ್ನಿನ ಹುಡುಗಿ ಒಳಗೆ ಬಿಡುವುದು ಅನುಮಾನ. ನಿನ್ನ ಅತ್ತೆಯೊಡನೆ ಕೂತು ಯೋಚಿಸಿದೆವು, ಒಂದೇ ದಾರಿ ಕಾಣುತ್ತದೆ. ಬಾಗಿಲಲ್ಲಿ ನಿಂತು, "ನಾನಮ್ಮ, ದಿಂಬಿನ ಹುಡುಗಿಯ ಮಾವ" ಅನ್ನಬೇಕು. ಅನ್ನುತ್ತೇನೆ.